ಕ್ಲಾಟ್ ತೆಗೆದ್ರು ಸರಿ, ರಕ್ತನಾಳದ ಕಾಯಿಲೆ ಎಲ್ಲಿ ಹೋಯ್ತು?

ಮಾನ್ಯ ಸಂಪಾದಕರೇ,

ಸ್ಟ್ರೋಕ್ ಆದವರ ಮೆದುಳಿನಿಂದ ಕ್ಲಾಟ್ ತೆಗೆದು ಉಳಿಸಿದ ಸುದ್ದಿ ಈಗ ಪತ್ರಿಕೆಗಳಲ್ಲಿ ಆಗಾಗ ಬರ್ತಾ ಇದೆ, ತೊಡೆ ಹತ್ರ ಸಣ್ಣ ತೂತು ಮಾಡಿ ಅಲ್ಲಿಂದ ಮೆದುಳಿನ ತನಕ ತಂತಿ ತಗೊಂಡು ಹೋಗಿ ಹೆಪ್ಪುಗಟ್ಟಿದ ರಕ್ತವನ್ನ ಎಳೆದು ಹೊರಗೆ ತೆಗೆದ್ರು, ಪೇಷಂಟು ಮಾರನೇ ದಿನ ಮಾತಾಡಿದ್ರು, ಕೈ ಎತ್ತಿದ್ರು ಅಂತ. ಓದಿದಾಗ ನಿಜವಾಗ್ಲೂ ಖುಷಿಯಾಗುತ್ತೆ. ಇಂಥ ಸುದ್ದಿ ಬರ್ಲೇಬೇಕು, ಯಾಕಂದ್ರೆ ಸ್ಟ್ರೋಕ್‌ಗೆ ಚಿಕಿತ್ಸೆ ಇದೆ, ಟೈಮಿಗೆ ಹೋದ್ರೆ ಉಳೀಬಹುದು ಅನ್ನೋದೇ ನಮ್ಮ ಕಡೆ ಹಳ್ಳಿಗಳಲ್ಲಿ ಇನ್ನೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆದ್ರೆ ಎಲ್ಲಾ ವರದಿಗಳೂ ಕ್ಲಾಟ್ ಹೊರಗೆ ಬಂದ ಜಾಗದಲ್ಲೇ ನಿಂತುಬಿಡುತ್ವೆ. ಆಮೇಲೆ ಏನಾಯ್ತು ಅಂತ ಯಾರೂ ಬರೆಯಲ್ಲ. ನಾನು ಕೋಲಾರದಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡೋಳು, ನನ್ನ ಕೆಲಸ ಶುರುವಾಗೋದೇ ಆ ವರದಿ ಮುಗಿಯೋ ಜಾಗದಿಂದ, ಅದಕ್ಕೇ ಇದನ್ನ ಬರೀತಾ ಇದೀನಿ.

ಮನೆಯವರು ನನ್ನನ್ನ ಕೇಳೋ ಮೊದಲನೇ ಪ್ರಶ್ನೆ ಯಾವಾಗ್ಲೂ ಒಂದೇ. "ಮೇಡಂ, ಕ್ಲಾಟ್ ತೆಗೆದಾಯ್ತಲ್ಲ, ಇನ್ನೂ ಯಾಕೆ ಕೈ ಬರ್ತಾ ಇಲ್ಲ? ಪಕ್ಕದ ಬೆಡ್‌ನೋರು ನಡ್ಕೊಂಡೇ ಮನೆಗೆ ಹೋದ್ರಲ್ಲ?" ಇದಕ್ಕೆ ಉತ್ತರ ಬಹಳ ಸಲ ಆ ಕ್ಲಾಟ್ ಯಾಕೆ ಬಂತು, ಅದು ಕೂತಿದ್ದ ರಕ್ತನಾಳ ಮೊದಲೇ ಹೇಗಿತ್ತು ಅನ್ನೋದರಲ್ಲಿರುತ್ತೆ.

ನಾನು ನೋಡಿರೋ ಇಬ್ಬರ ವಿಷಯ ಹೇಳ್ತೀನಿ. ಒಬ್ಬರು ಮುಳಬಾಗಿಲು ಕಡೆಯ ರಿಟೈರ್ಡ್ ಮೇಷ್ಟ್ರು. ಹಾರ್ಟ್ ಬೀಟ್ ಏರುಪೇರಾಗೋ ತೊಂದರೆ ಅವರಿಗೆ ಮೊದಲಿಂದ ಇತ್ತಂತೆ, ಅದು ಯಾರಿಗೂ ಗೊತ್ತಿರಲಿಲ್ಲ, ಆ ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಅಲ್ಲಿಂದ ಹೊರಟು ಮೆದುಳಿನ ನಾಳದಲ್ಲಿ ಬಂದು ಸಿಕ್ಕಾಕೊಂಡಿತ್ತು. ನಾಳದ ಗೋಡೆ ಮಾತ್ರ ಚೆನ್ನಾಗೇ ಇತ್ತು. ಕ್ಲಾಟ್ ಎಳೆದ ತಕ್ಷಣ ರಕ್ತ ಹರೀತು, ನಾನು ಹೋಗೋ ಹೊತ್ತಿಗೆ ಅವರೇ ಬಾಗಿಲು ತೆಗೆದು "ಬಾಮ್ಮ" ಅಂತ ಕರೆದ್ರು.

ಇನ್ನೊಬ್ಬರು ನಮ್ಮ ಟೊಮೆಟೊ ಮಂಡೀಲಿ ಕೆಲಸ ಮಾಡೋರು, ವಯಸ್ಸು ಐವತ್ತರ ಮೇಲೆ, ಬೆಳಗಿನ ಜಾವ ಎದ್ದು 15 ಕೆಜಿ ಬಾಕ್ಸುಗಳನ್ನ ಲಾರಿಗೆ ಎತ್ತಿ ಹಾಕೋ ಗಟ್ಟಿ ಆಳು, ಶುಗರ್ ಇತ್ತು, ಬಿಪಿ ಇತ್ತು, ಬೀಡಿ ಇತ್ತು, ಮಾತ್ರೆ ಮಾತ್ರ ನೆನಪಾದಾಗ. ಅವರಿಗೂ ಬೆಂಗಳೂರಲ್ಲಿ ಕ್ಲಾಟ್ ತೆಗೆದ್ರು. ತೆಗೆದ ಮೇಲೆ ರಾತ್ರಿ ಹೆಂಡತಿ ಹೆಸರು ಹಿಡಿದು ಕರೆದ್ರಂತೆ, ಎಲ್ಲರೂ ಅತ್ತುಬಿಟ್ರಂತೆ. ಬೆಳಗಾಗೋದ್ರೊಳಗೆ ಮತ್ತೆ ಮಾತು ನಿಂತುಹೋಯ್ತು, ಬಲಗೈ ಮತ್ತೆ ಬಿದ್ದುಹೋಯ್ತು. ತೆಗೆದ ಜಾಗದಲ್ಲೇ ನಾಳ ಮತ್ತೆ ಮುಚ್ಕೊಂಡಿತ್ತು. ಮತ್ತೆ ಒಳಗೆ ಕರ್ಕೊಂಡು ಹೋಗಿ ಬಲೂನ್ ಹಾಕಿ ಅಗಲ ಮಾಡಿ ಸ್ಟೆಂಟ್ (ನಾಳ ತೆರೆದೇ ಇರೋ ಹಾಗೆ ಹಿಡಿಯೋ ಸಣ್ಣ ಜಾಲರಿ ಕೊಳವೆ) ಇಟ್ರು. ಈಗ ಕೋಲು ಹಿಡ್ಕೊಂಡು ನಡೀತಾರೆ, ಆದ್ರೆ ಬಲಗೈ ಮುಷ್ಟಿ ಪೂರ್ತಿ ಬಿಚ್ಚಲ್ಲ. ಎಡಗೈಲಿ ಬಲಗೈ ಬೆರಳು ಒಂದೊಂದಾಗಿ ಬಿಡಿಸ್ತಾ ಕೂತಿರ್ತಾರೆ, ಕೈ ಬಿಟ್ಟ ತಕ್ಷಣ ಅವು ಹಾಗೇ ನಿಧಾನಕ್ಕೆ ಮಡಚ್ಕೊಂತವೆ. ಆ ಕೈಲಿ ಇನ್ನು ಬಾಕ್ಸ್ ಎತ್ತೋ ಮಾತಿಲ್ಲ.

ಇಬ್ಬರಿಗೂ ಮಾಡಿದ ಚಿಕಿತ್ಸೆ ಹೆಚ್ಚೂಕಮ್ಮಿ ಒಂದೇ, ಕಾಯಿಲೆ ಮಾತ್ರ ಬೇರೆ. ನಮ್ಮ ಕಡೆ ರೈತರಿಗೆ ಅರ್ಥ ಆಗೋ ಹಾಗೆ ಹೇಳ್ಬೇಕಂದ್ರೆ ಡ್ರಿಪ್ ಪೈಪಲ್ಲಿ ಎಲ್ಲಿಂದಲೋ ಒಂದು ಕಸ ಬಂದು ಸಿಕ್ಕೊಂಡ್ರೆ ಅದನ್ನ ತೆಗೆದ್ರೆ ನೀರು ಬರುತ್ತೆ, ಅದೇ ಬೋರ್‌ವೆಲ್ ನೀರಿನ ಉಪ್ಪು ವರ್ಷಗಟ್ಟಲೆ ಒಳಗೆ ಕಟ್ಟಿ ಪೈಪೇ ಸಣ್ಣ ಆಗಿದ್ರೆ ಕಸ ತೆಗೆದ್ರೂ ನಾಳೆ ಅಲ್ಲೇ ಇನ್ನೊಂದು ನಿಲ್ಲುತ್ತೆ. ಮೆದುಳಿನ ನಾಳದ ಗೋಡೆ ಒಳಗೆ ಕೊಬ್ಬು ಸೇರಿ, ಗಟ್ಟಿಯಾಗಿ, ದಾರಿ ಕಿರಿದಾಗಿರುತ್ತೆ, ಒಂದು ದಿನ ಅದರ ಮೇಲ್ಪದರ ಒಡೆಯುತ್ತೆ, ಅಲ್ಲೇ ರಕ್ತ ಹೆಪ್ಪುಗಟ್ಟಿ ಪೂರ್ತಿ ಮುಚ್ಚುತ್ತೆ. ಕ್ಲಾಟ್ ಎಳೆದಾಗ ಹೆಪ್ಪು ಬರುತ್ತೆ, ಕಿರಿದಾದ ಜಾಗ ಹಾಗೇ ಉಳಿಯುತ್ತೆ, ಒಡೆದ ಗೋಡೆ ಹಸಿಹಸಿಯಾಗಿರುತ್ತೆ, ಅಲ್ಲಿ ಪ್ಲೇಟ್‌ಲೆಟ್‌ಗಳು, ಅಂದ್ರೆ ರಕ್ತ ಹೆಪ್ಪುಗಟ್ಟಿಸೋ ಕಣಗಳು, ಮತ್ತೆ ಬಂದು ಗುಂಪು ಕಟ್ಟುತ್ವೆ. ಅದಕ್ಕೇ ಇಂಥ ಪೇಷಂಟುಗಳಲ್ಲಿ ನಾಳ ತೆರೆದ ಮೇಲೂ ಡಾಕ್ಟರು ಟೇಬಲ್ ಮೇಲೇ ಸ್ವಲ್ಪ ಹೊತ್ತು ಕಾದು, ಎಕ್ಸ್‌ರೇಲಿ ನಾಳ ಕಾಣೋ ಹಾಗೆ ಮತ್ತೆ ಡೈ ಬಿಟ್ಟು ನೋಡ್ತಾರೆ, ಮತ್ತೆ ಮುಚ್ತಾ ಇದ್ರೆ ಪ್ಲೇಟ್‌ಲೆಟ್ ಗುಂಪು ಕಟ್ಟದ ಹಾಗೆ ತಡೆಯೋ ಟೈರೋಫೈಬಾನ್ ಥರದ ಇಂಜೆಕ್ಷನ್ ಕೊಡ್ತಾರೆ, ಬಲೂನ್ ಹಾಕ್ತಾರೆ, ಕೊನೆಗೆ ಸ್ಟೆಂಟ್. ಇದಕ್ಕೆಲ್ಲ ಹೆಚ್ಚು ಹೊತ್ತು ಹಿಡಿಯುತ್ತೆ. ಹೊರಗೆ ಕೂತಿರೋ ಮನೆಯವರಿಗೆ ಯಾಕೆ ಲೇಟಾಗ್ತಿದೆ ಅಂತ ಗೊತ್ತಾಗಲ್ಲ, ಏನೋ ಎಡವಟ್ಟಾಗಿದೆ ಅಂದ್ಕೊಂಡು ಕಂಗಾಲಾಗಿರ್ತಾರೆ.

ಮೆದುಳಿನ ಒಳಗಿನ ನಾಳಗಳು ಹೀಗೆ ಕಿರಿದಾಗೋದು ಯುರೋಪಿನ ಬಿಳಿ ಜನರಿಗಿಂತ ನಮ್ಮ ಏಷ್ಯಾದವರಲ್ಲಿ ಜಾಸ್ತಿ. ಚೀನಾ, ಕೊರಿಯಾ, ಭಾರತ ಎಲ್ಲಾ ಕಡೆ ಡಾಕ್ಟರುಗಳು ಇದನ್ನ ನೋಡಿದಾರೆ. ಆದ್ರೆ ಕ್ಲಾಟ್ ತೆಗೆಯೋ ಚಿಕಿತ್ಸೆ ಕೆಲಸ ಮಾಡುತ್ತೆ ಅಂತ 2015ರಲ್ಲಿ ತೋರಿಸಿಕೊಟ್ಟ ಐದು ದೊಡ್ಡ ಟ್ರಯಲ್‌ಗಳು (ಪೇಷಂಟುಗಳ ಮೇಲೆ ಚಿಕಿತ್ಸೆ ಮಾಡಿ ನೋಡೋ ಪರೀಕ್ಷೆಗಳು) ನಡೆದಿದ್ದು ಹೆಚ್ಚಾಗಿ ಯುರೋಪ್, ಅಮೆರಿಕ, ಆಸ್ಟ್ರೇಲಿಯಾ ಕಡೆ, ಅಲ್ಲಿ ಹೃದಯದಿಂದಲೋ ಕುತ್ತಿಗೆ ನಾಳದಿಂದಲೋ ಬಂದ ಕ್ಲಾಟ್‌ಗಳೇ ಜಾಸ್ತಿ. ಆ ಐದು ಟ್ರಯಲ್‌ಗಳನ್ನ ಒಟ್ಟು ಸೇರಿಸಿ 2016ರಲ್ಲಿ ಲೆಕ್ಕ ಹಾಕಿದಾಗ, ಮೂರು ತಿಂಗಳಾದ ಮೇಲೆ ಇನ್ನೊಬ್ಬರ ಸಹಾಯ ಇಲ್ಲದೆ ತಮ್ಮ ಕೆಲಸ ತಾವು ಮಾಡ್ಕೊಳ್ಳೋ ಮಟ್ಟಕ್ಕೆ ಬಂದವರು ಕ್ಲಾಟ್ ತೆಗೆಸಿಕೊಂಡವರಲ್ಲಿ 100ಕ್ಕೆ 46 ಜನ, ತೆಗೆಸದವರಲ್ಲಿ ಸುಮಾರು 26 ಜನ. ಇದು ಬಹಳ ದೊಡ್ಡ ವ್ಯತ್ಯಾಸ, ಈ ಚಿಕಿತ್ಸೆ ಬೇಡ ಅಂತ ಯಾರಾದ್ರೂ ಹೇಳಿದ್ರೆ ನಾನೇ ಜಗಳಕ್ಕೆ ನಿಲ್ತೀನಿ. ಆದ್ರೆ ಅದೇ ಲೆಕ್ಕವನ್ನ ಇನ್ನೊಂದು ಕಡೆಯಿಂದ ನೋಡಿ, ಒಳ್ಳೊಳ್ಳೆ ಆಸ್ಪತ್ರೆಗಳಲ್ಲಿ ತೆಗೆಸಿಕೊಂಡ ಮೇಲೂ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಮೂರು ತಿಂಗಳಾದ್ರೂ ಇನ್ನೊಬ್ಬರ ಆಸರೆ ಬೇಕಿತ್ತು, ಇಲ್ಲಾ ಅವರು ಉಳಿಯಲೇ ಇಲ್ಲ. ಪೇಪರಲ್ಲಿ ಮೊದಲನೇದು ಬರುತ್ತೆ, ಎರಡನೇದು ನಮ್ಮ ಬೀದಿಗಳಲ್ಲಿ ಮಂಚದ ಮೇಲೆ ಮಲಗಿರುತ್ತೆ.

ಹಾಗಂತ ನಾಳದ ಕಾಯಿಲೆ ಇದ್ದವರೆಲ್ಲ ಸುಧಾರಿಸಲ್ಲ ಅಂತ ಯಾರೂ ಹೆದರಬೇಕಿಲ್ಲ. ನಾಳ ವರ್ಷಗಟ್ಟಲೆ ನಿಧಾನಕ್ಕೆ ಕಿರಿದಾಗ್ತಾ ಬಂದಿರೋದ್ರಿಂದ ಮೆದುಳು ಅಕ್ಕಪಕ್ಕದಿಂದ ಸಣ್ಣಸಣ್ಣ ಬದಲಿ ದಾರಿಗಳನ್ನ ಮಾಡ್ಕೊಂಡಿರುತ್ತೆ, ಹೀಗಾಗಿ ಮುಖ್ಯ ನಾಳ ಮುಚ್ಚಿದ್ರೂ ಕೆಲವರಲ್ಲಿ ಮೆದುಳು ಸಾಯೋದು ನಿಧಾನ ಆಗುತ್ತೆ. ಹೃದಯದಿಂದ ಕ್ಲಾಟ್ ಬಂದು ಏಕಾಏಕಿ ಮುಚ್ಚಿದಾಗ ಈ ಅನುಕೂಲ ಅಷ್ಟಾಗಿ ಇರಲ್ಲ. ಅದಕ್ಕೇ ಈ ವಿಷಯದ ಅಧ್ಯಯನಗಳು ಒಂದೇ ಮಾತು ಹೇಳಲ್ಲ, ಕೆಲವು ಎರಡೂ ಥರದ ಪೇಷಂಟುಗಳ ಚೇತರಿಕೆ ಒಂದೇ ಅನ್ನುತ್ವೆ, ಕೆಲವು ನಾಳದ ಕಾಯಿಲೆಯವರದು ಕಷ್ಟ ಅನ್ನುತ್ವೆ. ತೆರೆದ ನಾಳ ತೆರೆದ ಹಾಗೇ ಉಳಿದ್ರೆ ಚೇತರಿಕೆ ಚೆನ್ನಾಗಿರುತ್ತೆ, ಮತ್ತೆ ಮುಚ್ಚಿದ್ರೆ ಕೆಡುತ್ತೆ ಅನ್ನೋದರಲ್ಲಿ ಮಾತ್ರ ಭಿನ್ನಾಭಿಪ್ರಾಯ ಇಲ್ಲ. ನಾಳ ತೆರೆದೇ ಇರೋ ಹಾಗೆ ನೋಡ್ಕೊಳ್ಳೋ ಕೆಲಸ ಆಪರೇಷನ್ ಥಿಯೇಟರಲ್ಲಿ ಶುರುವಾಗಿ ನಮ್ಮ ಮನೆಯ ಮಾತ್ರೆ ಡಬ್ಬದ ತನಕ ಬರುತ್ತೆ.

ಇಲ್ಲಿ ಬಿಪಿ ವಿಷಯ ಹೇಳ್ಲೇಬೇಕು. ಬಿಪಿಯಿಂದಲೇ ಸ್ಟ್ರೋಕ್ ಆಯ್ತು ಅಂತ ಕೇಳಿದ ಮನೆಯವರು ಐಸಿಯು ಹೊರಗೆ ನಿಂತು "ಸಾರ್ ಬಿಪಿ ಇನ್ನೂ 150 ಇದೆ, ಇಳಿಸಿ ಸಾರ್" ಅಂತ ಗೋಗರೀತಾರೆ. ಆದ್ರೆ ಕಿರಿದಾದ ನಾಳದಲ್ಲಿ ರಕ್ತ ಆಚೆ ತಲುಪೋಕೆ ಸ್ವಲ್ಪ ಒತ್ತಡ ಬೇಕೇ ಬೇಕು. ಚೀನಾದಲ್ಲಿ ಕ್ಲಾಟ್ ತೆಗೆದ ಮೇಲೆ ಬಿಪಿನ (ಇಲ್ಲಿ ಹೇಳೋದೆಲ್ಲ ಬಿಪಿಯ ಮೇಲಿನ ಅಂಕಿ) 120ರ ಕೆಳಗೆ ಇಳಿಸಿ ನೋಡಿದ ಒಂದು ದೊಡ್ಡ ಟ್ರಯಲ್ 2022ರಲ್ಲಿ ಪ್ರಕಟ ಆಯ್ತು, ಹಾಗೆ ಇಳಿಸಿದವರ ಚೇತರಿಕೆಯೇ ಹಾಳಾಗ್ತಿದೆ ಅಂತ ಕಂಡು ಅದನ್ನ ಮಧ್ಯದಲ್ಲೇ ನಿಲ್ಲಿಸಿದ್ರು. ಮರುವರ್ಷ ಕೊರಿಯಾದಲ್ಲಿ 140ರ ಕೆಳಗೆ ಇಟ್ಟು ನೋಡಿದಾಗಲೂ ಒಳ್ಳೇದಾಗಲಿಲ್ಲ. ಜಾಸ್ತಿ ಬಿಟ್ರೆ ರಕ್ತಸ್ರಾವದ ಭಯ, ಅದೂ ಇದೆ, ಅದಕ್ಕೇ 180 ದಾಟದ ಹಾಗೆ ನೋಡ್ಕೊಳ್ತಾರೆ. ಇದು ಮೊದಲ ಒಂದೆರಡು ದಿನದ ಮಾತು. ಮನೆಗೆ ಬಂದ ಮೇಲೆ, ವಾರಗಳು ಕಳೆದ ಮೇಲೆ, ಕಥೆ ಬೇರೆ, ಆಗ ಬಿಪಿ ಡಾಕ್ಟರು ಹೇಳಿದ ಮಟ್ಟಕ್ಕೆ ಇಳೀಲೇಬೇಕು, ಸಾಮಾನ್ಯವಾಗಿ 140ರ ಕೆಳಗೆ, ಆಗಿಬಂದ್ರೆ 130ರ ಕೆಳಗೆ. ಐಸಿಯುನಲ್ಲಿ 150 ಇದ್ರೂ ಡಾಕ್ಟರು ಸುಮ್ಮನಿದ್ರಲ್ಲ ಅಂತ ಮನೇಲೂ 160 ಇಟ್ಕೊಂಡು ಕೂತಿರೋರನ್ನ ನೋಡಿದೀನಿ.

ಸ್ಟೆಂಟ್ ಬಗ್ಗೆಯೂ ಒಂದು ತಪ್ಪು ತಿಳುವಳಿಕೆ ಇದೆ. ಹೃದಯಕ್ಕೆ ಹಾಕ್ತಾರಲ್ಲ, ಮೆದುಳಿಗೂ ಒಂದು ಹಾಕಿಸಿಬಿಟ್ರೆ ಮುಗೀತು ಅಂತ ಸಾಲ ಮಾಡೋಕೂ ರೆಡಿ ಇರ್ತಾರೆ. ಅಮೆರಿಕದಲ್ಲಿ 451 ಜನರ ಮೇಲೆ ಇದನ್ನೇ ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟ ಮಾಡಿದ್ರು, ಮೆದುಳಿನ ನಾಳ 70 ಪರ್ಸೆಂಟಿಗಿಂತ ಜಾಸ್ತಿ ಕಿರಿದಾಗಿ ಈಗಾಗಲೇ ಸ್ಟ್ರೋಕೋ ಅದರ ಮುನ್ಸೂಚನೆಯೋ ಆದವರು ಅವರು. ಮೊದಲ 30 ದಿನದಲ್ಲಿ ಮತ್ತೆ ಸ್ಟ್ರೋಕ್ ಅಥವಾ ಸಾವು ಆಗಿದ್ದು ಸ್ಟೆಂಟ್ ಹಾಕಿಸಿಕೊಂಡವರಲ್ಲಿ 14.7 ಪರ್ಸೆಂಟ್, ಬರೀ ಮಾತ್ರೆ ಮತ್ತೆ ಕಟ್ಟುನಿಟ್ಟಾದ ಕಾಳಜಿಯಲ್ಲಿದ್ದವರಲ್ಲಿ 5.8 ಪರ್ಸೆಂಟ್. ಆ ಕಾಳಜಿ ಅಂದ್ರೆ ಏನು ಗೊತ್ತಾ, ಆಸ್ಪಿರಿನ್, ಅದರ ಜೊತೆ 90 ದಿನ ಕ್ಲೋಪಿಡೋಗ್ರೆಲ್ (ಎರಡೂ ರಕ್ತ ತೆಳು ಮಾಡೋ ಮಾತ್ರೆ), ಕೆಟ್ಟ ಕೊಲೆಸ್ಟ್ರಾಲ್ 70ರ ಕೆಳಗೆ ಬರೋ ಹಾಗೆ ಸ್ಟಾಟಿನ್ ಮಾತ್ರೆ, ಬಿಪಿ ಹಿಡಿತ, ಶುಗರ್ ಹಿಡಿತ, ಬೀಡಿ ಸಿಗರೇಟು ಬಂದ್, ನಡಿಗೆ. ಇದರಲ್ಲಿ ಕೋಲಾರದಲ್ಲಿ ಸಿಗದೇ ಇರೋದು ಯಾವುದಿದೆ ಹೇಳಿ. ಕ್ಲಾಟ್ ತೆಗೆಯೋವಾಗಲೇ ನಾಳ ಮತ್ತೆಮತ್ತೆ ಮುಚ್ತಾ ಇದ್ರೆ ಆ ಹೊತ್ತಿಗೆ ಸ್ಟೆಂಟ್ ಹಾಕೋದು ಬೇರೆ ವಿಷಯ, ಅದು ಆ ಕ್ಷಣದ ಡಾಕ್ಟರ ತೀರ್ಮಾನ, ಆ ಟೊಮೆಟೊ ಮಂಡಿಯಣ್ಣನಿಗೆ ಹಾಕಿದ್ದು ಹಾಗೇ.

ಹಾಗೆ ಹಾಕಿದ ಮೇಲೆ ರಕ್ತ ತೆಳು ಮಾಡೋ ಎರಡೂ ಮಾತ್ರೆ ಡಾಕ್ಟರು ಹೇಳೋ ತನಕ ನಿಲ್ಲಿಸೋ ಹಾಗಿಲ್ಲ. ಮಂಡಿಯಣ್ಣನ ಹೆಂಡತಿ ಸ್ಕೂಲ್ ಮೆಟ್ಟಿಲು ಹತ್ತಿದವರಲ್ಲ, ಆದ್ರೂ ಸ್ವೀಟ್ ಅಂಗಡಿಯ ಹಳೇ ಡಬ್ಬದಲ್ಲಿ ಬೆಳಗ್ಗೇದು ಒಂದು ಕಡೆ, ರಾತ್ರೀದು ಒಂದು ಕಡೆ ರಟ್ಟು ಅಡ್ಡ ಇಟ್ಟು ಜೋಡಿಸಿಟ್ಟಿದಾರೆ, ಶೀಟಿನ ಬಣ್ಣ ನೋಡಿ ಕೊಡ್ತಾರೆ, ಮೆಡಿಕಲ್ ಸ್ಟೋರ್‌ನಲ್ಲಿ ಬೇರೆ ಕಂಪನಿ ಮಾತ್ರೆ ಕೊಟ್ಟು ಬಣ್ಣ ಬದಲಾದ್ರೆ ನಾನು ಬರೋ ತನಕ ಕಾಯ್ದು "ಇದು ಅದೇನಾ ಮೇಡಂ, ನಮ್ಮ ಯಜಮಾನ್ರಿಗೆ ಕೊಡಬಹುದಾ" ಅಂತ ಕೇಳಿ ಆಮೇಲೆ ಕೊಡ್ತಾರೆ. ಆಸ್ಪತ್ರೆಯವರು ಅವರ ಕೈಗೆ ಕೊಟ್ಟು ಕಳಿಸಿದ್ದು ಪುಟಗಟ್ಟಲೆ ಇಂಗ್ಲಿಷ್ ಡಿಸ್ಚಾರ್ಜ್ ಸಮರಿ. ಯಾವ ನಾಳ, ಎಷ್ಟು ಕಿರಿದಾಗಿದೆ, ಸ್ಟೆಂಟ್ ಇದೆ, ಯಾವ ಮಾತ್ರೆ ಯಾವತ್ತಿನ ತನಕ, ಎಲ್ಲಾ ಅದರಲ್ಲಿದೆ. ಅದರಲ್ಲಿ ಒಂದಕ್ಷರ ಕೂಡ ಅವರಿಗೆ ಯಾರೂ ಓದಿ ಹೇಳಿಲ್ಲ. ಇದನ್ನ ನೆನೆಸ್ಕೊಂಡ್ರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ. ಅಷ್ಟು ಕಷ್ಟದ ಕೆಲಸ ಅಷ್ಟು ಕೈಚಳಕದಿಂದ ಮಾಡಿ, ಅದನ್ನ ಉಳಿಸ್ಕೊಳ್ಳೋ ನಾಲ್ಕು ಮಾತನ್ನ ಕನ್ನಡದಲ್ಲೋ ತೆಲುಗಲ್ಲೋ ಹೇಳಿ ಕಳಿಸೋಕೆ ಯಾರಿಗೂ ಹತ್ತು ನಿಮಿಷ ಸಿಗಲ್ವಾ?

ಯಾಕಂದ್ರೆ ಮಾತ್ರೆ ನಿಲ್ಲಿಸೋಕೆ ಹೇಳೋರು ಮಾತ್ರ ಬೇಕಾದಷ್ಟು ಜನ ಸಿಗ್ತಾರೆ. ಹಲ್ಲು ಕೀಳಿಸೋಕೆ ಹೋದಾಗ ನಿಲ್ಲಿಸಿದವರು ಮತ್ತೆ ಶುರು ಮಾಡಲ್ಲ. ಗ್ಯಾಸ್ಟ್ರಿಕ್ ಆಗುತ್ತೆ ಅಂತ ಬಿಡ್ತಾರೆ. ಗಡಿ ಆಚೆ ಊರಲ್ಲಿ ಪೆರಾಲಿಸಿಸ್‌ಗೆ ನಾಟಿ ಔಷಧಿ ಕೊಡ್ತಾರೆ, ಅದು ತಗೊಳ್ಳೋವಾಗ ಇಂಗ್ಲಿಷ್ ಮಾತ್ರೆ ಮುಟ್ಟಬಾರದು ಅಂತ ಪಥ್ಯ ಹೇಳ್ತಾರೆ, ಮನೆಯವರು ಕಾರ್ ಮಾಡ್ಕೊಂಡು ಹೋಗಿ ಬರ್ತಾರೆ. ನಂಬಿಕೆ ಬಗ್ಗೆ ನಾನು ಏನೂ ಹೇಳಲ್ಲ, ಎಣ್ಣೆ ಹಚ್ಚಿ ನೀವಿಸ್ಕೊಂಡ್ರೆ ಅದು ಅವರ ಸಮಾಧಾನ, ಆದ್ರೆ ಕಿರಿದಾದ ನಾಳ ಇಟ್ಕೊಂಡು, ಅದರಲ್ಲೂ ಸ್ಟೆಂಟ್ ಇಟ್ಕೊಂಡು, ಆ ಮಾತ್ರೆ ನಿಲ್ಲಿಸಿದ್ರೆ ಎರಡನೇ ಸ್ಟ್ರೋಕ್ ಬಾಗಿಲಲ್ಲೇ ಇರುತ್ತೆ. ಎರಡನೇದು ಆದ ಮೇಲೆ ಮೊದಲನೇ ಸಲ ಬಂದಿದ್ದ ಸುಧಾರಣೆನೂ ಹೋಗುತ್ತೆ, ಕೋಲಲ್ಲಿ ನಡೀತಿದ್ದವರು ಹಾಸಿಗೆ ಹಿಡೀತಾರೆ.

ಇನ್ನು ನನ್ನ ಕಸುಬಿನ ಮಾತು. ಕೈಕಾಲು ಸ್ವಾಧೀನಕ್ಕೆ ಬರೋದು ಮೊದಲ ಮೂರು ತಿಂಗಳಲ್ಲಿ ಜೋರಾಗಿರುತ್ತೆ, ಆಮೇಲೆ ನಿಧಾನ, ಆದ್ರೆ ನಿಂತುಹೋಗಲ್ಲ. ಬಹಳ ಮನೆಗಳಲ್ಲಿ ಆ ಮೂರು ತಿಂಗಳನ್ನ "ರೆಸ್ಟ್ ತಗೊಳ್ಲಿ ಪಾಪ" ಅಂತ ಮಲಗಿಸಿ ಕಳೆದುಬಿಡ್ತಾರೆ. ಸೊಂಟ ಹಿಡಿದು ಎಬ್ಬಿಸೋ ಬದಲು ಬಿದ್ದಿರೋ ಕೈ ಹಿಡಿದು ಎಳೆದು ಎಬ್ಬಿಸ್ತಾರೆ, ಭುಜದ ಕೀಲು ಜಾರಿ ಜೀವಮಾನದ ನೋವಾಗುತ್ತೆ. ನುಂಗೋಕೆ ಆಗುತ್ತಾ ಅಂತ ನೋಡದೆ ಮೊದಲನೇ ದಿನವೇ ಗಂಜಿ ಹುಯ್ಯೋದು, ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗೋದು ಕೂಡ ನಡೆಯುತ್ತೆ. ಮತ್ತೆ ಮನಸ್ಸು. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತೆ, ದುಡಿದು ತಂದು ಹಾಕ್ತಿದ್ದ ಗಂಡಸು ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ರೆ ಅದನ್ನ ಸೋಮಾರಿತನ ಅಂತ ಮಕ್ಕಳು ಬೈತಾರೆ, ಅದಕ್ಕೂ ಔಷಧಿ ಇದೆ ಅಂತ ಯಾರೂ ಹೇಳಿರಲ್ಲ.

ನಮ್ಮ ಜಿಲ್ಲೆಗೆ ಅನುಕೂಲ ಇಲ್ಲ ಅಂತಲ್ಲ. ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರಲ್ಲಿ ಶುರುವಾಗಿದ್ದೇ ನಮ್ಮ ಕೋಲಾರದಿಂದ, 30 ದಾಟಿದವರ ಬಿಪಿ ಶುಗರ್ ಮನೆಗೇ ಬಂದು ನೋಡಿ ಮಾತ್ರೆ ಕೊಡೋದು ಅದರ ಉದ್ದೇಶ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಮಾಡಿದ, ಮೆದುಳಿನ ಕಾಯಿಲೆ ನೋಡೋ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳು ಮೊದಲ ಹಂತದಲ್ಲೇ ಕೋಲಾರ, ಚಿಕ್ಕಬಳ್ಳಾಪುರಕ್ಕೆ ಬಂದ್ವು. ಈ ಎರಡನ್ನ ಒಂದಕ್ಕೊಂದು ಜೋಡಿಸಿ ಅಂತ ನಾನು ಕೇಳ್ತಾ ಇರೋದು. ಸ್ಟ್ರೋಕ್ ಆಗಿ ಡಿಸ್ಚಾರ್ಜ್ ಆದ ಪ್ರತಿಯೊಬ್ಬರ ಹೆಸರು ಆ ಊರಿನ ಆಶಾ ಅಕ್ಕನ ಹತ್ರ ಇರ್ಲಿ, ಮನೆಗೆ ಬಂದಾಗ ಬಿಪಿ ಜೊತೆ ಮಾತ್ರೆ ಶೀಟು ಎಣಿಸಲಿ, ಬೀಡಿ ಬಿಟ್ರಾ ಅಂತ ಕೇಳಲಿ, ಮುಖ ಸೊಟ್ಟ, ಕೈ ಬಲ ಇಲ್ಲ, ಮಾತು ತೊದಲು ಅಂತ ಐದೇ ನಿಮಿಷ ಆಗಿ ಸರಿ ಹೋಯ್ತು ಅಂದ್ರೂ ಅದೇ ದಿನ ಆಸ್ಪತ್ರೆಗೆ ಕಳಿಸಲಿ. ಹೀಗೆ ಬಂದು ಹೋಗೋ ಸಣ್ಣ ಸ್ಟ್ರೋಕು ಎಷ್ಟೋ ಸಲ ಕಿರಿದಾದ ನಾಳ ಕೊಡೋ ಎಚ್ಚರಿಕೆ, ಪಿತ್ತ ಅಂತ ನಿಂಬೆಹಣ್ಣು ವಾಸನೆ ತೋರಿಸಿ ಕೂರೋದಲ್ಲ.

ಹೃದಯಾಘಾತಕ್ಕೆ ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ಹೃದಯ ಜ್ಯೋತಿ ಮಾಡಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ಕ್ಲಾಟ್ ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಫ್ರೀ ಕೊಡ್ತಿದಾರೆ, ಬಹಳ ಒಳ್ಳೆ ಕೆಲಸ. ಅದೇ ಇಂಜೆಕ್ಷನ್ ಬೇರೆ ಡೋಸಲ್ಲಿ ಸ್ಟ್ರೋಕ್‌ಗೂ ಕೊಡ್ತಾರೆ, ಸಿಟಿ ಸ್ಕ್ಯಾನ್ ಮಾಡಿ ರಕ್ತಸ್ರಾವ ಇಲ್ಲ ಅಂತ ನೋಡ್ಕೊಂಡು, ಶುರುವಾದ ನಾಲ್ಕೂವರೆ ಗಂಟೆ ಒಳಗೆ. ಸಿಟಿ ಸ್ಕ್ಯಾನ್ ಇರೋ ಜಿಲ್ಲಾಸ್ಪತ್ರೆಯಲ್ಲಿ ಅದನ್ನ ರಾತ್ರಿಹಗಲು ಕೊಡೋ ಹಾಗಾಗಲಿ, ಕೊಟ್ಟು 108ರಲ್ಲಿ ಬೆಂಗಳೂರಿಗೆ ಕಳಿಸಲಿ, ಯಾವ ಆಸ್ಪತ್ರೇಲಿ ಕ್ಲಾಟ್ ತೆಗೆಯೋ ಡಾಕ್ಟರು ಆ ಹೊತ್ತಿಗೆ ಇದಾರೆ ಅಂತ ಫೋನ್ ಮಾಡಿ ತಿಳ್ಕೊಂಡೇ ಕಳಿಸಲಿ. ಈಗ ಏನಾಗ್ತಿದೆ ಅಂದ್ರೆ ಹೊಸಕೋಟೆ ದಾಟಿ ಕೆ.ಆರ್. ಪುರದ ಟ್ರಾಫಿಕ್‌ನಲ್ಲಿ ಸಿಕ್ಕಿ, ಮೊದಲ ಆಸ್ಪತ್ರೇಲಿ ಆಗಲ್ಲ ಅಂದು, ಎರಡನೇದಕ್ಕೆ ಹೋಗೋ ಅಷ್ಟರಲ್ಲಿ ಮೆದುಳು ಹೋಗಿರುತ್ತೆ. ಮುಚ್ಚಿದ ದೊಡ್ಡ ನಾಳದಿಂದ ಒಂದೊಂದು ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶ ಸಾಯುತ್ವೆ ಅಂತ ಲೆಕ್ಕ ಇದೆ.

ನಿಮ್ಮ ಪತ್ರಿಕೆಯವರಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಸಲ ಕ್ಲಾಟ್ ತೆಗೆದ ಸುದ್ದಿ ಬಂದಾಗ ನಿಮ್ಮ ವರದಿಗಾರರು ಡಾಕ್ಟರನ್ನ ಇನ್ನೂ ಎರಡು ಪ್ರಶ್ನೆ ಕೇಳಲಿ, ಕ್ಲಾಟ್ ಹೃದಯದಿಂದ ಬಂತಾ ನಾಳದಲ್ಲೇ ಆಯ್ತಾ, ನಾಳ ಇನ್ನೂ ಕಿರಿದಾಗಿದೆಯಾ ಅಂತ. ಎರಡಕ್ಕೂ ಮಾತ್ರೆ ಬೇರೆಬೇರೆ, ಹೃದಯದ್ದಾದ್ರೆ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಬೇರೆ ಥರದ ಮಾತ್ರೆ, ನಾಳದ್ದಾದ್ರೆ ಆಸ್ಪಿರಿನ್ ಸ್ಟಾಟಿನ್ ಥರದ್ದು, ಓದಿದವರಿಗೆ ಅಷ್ಟಾದ್ರೂ ಗೊತ್ತಾಗುತ್ತೆ. ಮೂರು ತಿಂಗಳಾದ ಮೇಲೆ ಅದೇ ಪೇಷಂಟ್ ಮನೆಗೆ ಒಂದ್ಸಲ ಹೋಗಿ ಹೇಗಿದಾರೆ ಅಂತಲೂ ಬರೀಲಿ. ಡಿಸ್ಚಾರ್ಜ್ ಮಾಡೋ ಆಸ್ಪತ್ರೆಗಳು ಒಂದೇ ಒಂದು ಹಾಳೆ ಕನ್ನಡದಲ್ಲಿ ಕೊಡಲಿ, ಕಾಯಿಲೆ ಎಲ್ಲಿದೆ, ಮಾತ್ರೆ ಯಾವುದು, ಯಾವತ್ತಿನ ತನಕ, ಬಿಪಿ ಎಷ್ಟಿರಬೇಕು, ಮತ್ತೆ ಯಾವಾಗ ಬರಬೇಕು. ಆರೋಗ್ಯ ಇಲಾಖೆಯವರು ಇದನ್ನ ಓದ್ತಾ ಇದ್ರೆ, ಬಿಪಿ ಶುಗರ್ ಮಾತ್ರೆ ಸಿಗೋ ಕಡೆಯೆಲ್ಲ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟಾಟಿನ್ ಕೂಡ ತಿಂಗಳು ತಪ್ಪದೆ ಸ್ಟಾಕ್ ಇರೋ ಹಾಗೆ ನೋಡ್ಕೊಳ್ಲಿ, ಶ್ರೀನಿವಾಸಪುರದಿಂದಲೋ ಬಂಗಾರಪೇಟೆಯಿಂದಲೋ ಒಂದು ಶೀಟು ಮಾತ್ರೆಗೋಸ್ಕರ ಸ್ವಾಧೀನ ಇಲ್ಲದವರನ್ನ ಆಟೋದಲ್ಲಿ ಕೂರಿಸ್ಕೊಂಡು ಕೋಲಾರಕ್ಕೆ ಬರೋ ಹಾಗೆ ಆಗಬಾರದು.

ಇಂತಿ,
ಫಿಸಿಯೋಥೆರಪಿ ಮಾಡುವ ಒಬ್ಬ ಓದುಗಿ
ಕೋಲಾರ